ಸಲಾಮಿಗೆ ಕೊಟ್ಟ ಉತ್ತರ

"ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ಕಾಪಿ ಹೊಡೆಯೋದಾದ್ರೂ ನೆಟ್ಟಗೆ ಕಲಿತಿರ್ತಾನೆ ಅಂದ್ಕೊಂಡಿದ್ದೆ. ಥೂ, ಅದೂ ಬರಲಿಲ್ಲ ನೋಡ್ರೋ!"

ಇಂಜಿನಿಯರ್ ಗಸ್ಸಾನ್ ಫೋನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಬಸ್ರಾ ಬಂದರಿನ ಕೋಲ್ಡ್ ಸ್ಟೋರೇಜಿನ ಉಳಿದ ಏಳೂ ಮೆಕ್ಯಾನಿಕರು ಚಹಾ ಕುಡಿಯುವುದನ್ನು ಬಿಟ್ಟು ಮುಹನ್ನದನ ಮುಖ ನೋಡಿದರು. ಫೋನಿನಲ್ಲಿ ಅವನ ಫಲಿತಾಂಶ: ಪರೀಕ್ಷೆ ರದ್ದು, ಒಂದು ವರ್ಷ ಮತ್ತೆ ಕೂರುವಂತಿಲ್ಲ; ಕಾರಣ: ಬೇರೊಬ್ಬರೊಡನೆ ಮಾತು.

ಹನ್ನೊಂದು ವರ್ಷ ಈ ಯಂತ್ರಗಳ ಹೊಟ್ಟೆಯೊಳಗೆ ಕೈಯಾಡಿಸಿದವನು ಅವನು. ಹೆಡ್ ಮೆಕ್ಯಾನಿಕ್ ಆಗಲು ಆ ಪರೀಕ್ಷೆಯ ಸರ್ಟಿಫಿಕೇಟು ಸಾಕಿತ್ತು. ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕೂತು, ಯಾರೊಡನೆಯೂ ಮಾತಾಡದೆ ಬರೆಯಬೇಕಾದ ಪರೀಕ್ಷೆ ಅದು. ಅದಕ್ಕಾಗಿ ಅಮ್ಮನನ್ನು ಅಕ್ಕನ ಮನೆಗೆ ಕಳಿಸಿದ್ದ. ಮಂಚದ ಅಡಿ, ಬೀರುವಿನ ಒಳಗು, ಕೊನೆಗೆ ತನ್ನ ಕಿವಿಯನ್ನೂ ಕ್ಯಾಮೆರಾಕ್ಕೆ ತೋರಿಸಿದ್ದ, ಕದ್ದ ಮಾಲು ಹುಡುಕುವ ಪೊಲೀಸರಿಗೆ ತೋರಿಸುವಂತೆ.

ನಲವತ್ತೊಂದನೆಯ ಪ್ರಶ್ನೆಯಲ್ಲಿದ್ದಾಗ ಕಿಟಕಿಯಾಚೆ ಕೋಲಿನ ಸದ್ದು. ಪಕ್ಕದ ಮನೆಯ ಕುರುಡು ಹಾಜಿ ಮಿಜ್ಬಾನ್, ನಮಾಜಿಗೆ ಹೊರಟವರು.

"ಸಲಾಂ ಅಲೈಕುಂ, ಮನೆಯವರೇ!"

ಮುಹನ್ನದ್ ತುಟಿ ಕಚ್ಚಿದ. ಮುದುಕ ಕದಲಲಿಲ್ಲ. ಮತ್ತೊಮ್ಮೆ ಕೂಗಿದರು. ಮೂರನೆಯ ಸಲ ದನಿ ನಡುಗಿತು.

"ಮಗಾ, ಹುಷಾರಾಗಿದ್ದೀಯಾ? ತಾಳು, ಬಂದೆ ಬಂದೆ..."

ಕೋಲು ಗೋಡೆ ತಡವುತ್ತಾ ಒಡೆದ ಮೆಟ್ಟಿಲಿನತ್ತ ತಿರುಗಿತು. ಎಡವಿದರೆ ಸೊಂಟವೇ ಹೋದಂತೆ.

"ವಾ ಅಲೈಕುಂ ಸಲಾಂ, ಹಾಜಿ. ಚೆನ್ನಾಗಿದ್ದೀನಿ, ಬರಬೇಡಿ."

ಲ್ಯಾಪ್‌ಟಾಪಿನಲ್ಲಿ, ಎಲ್ಲಿಂದಲೋ ಪರೀಕ್ಷೆ ಕಾಯುತ್ತಿದ್ದ ಹೆಣ್ಣಿನ ದನಿ, ಪುಸ್ತಕದ ಅರಬ್ಬಿಯಲ್ಲಿ: "ಯಾರ ಜೊತೆ ಮಾತಾಡಿದಿರಿ?"

"ಸಲಾಂ ಹೇಳಿದ್ರು, ತಾಯಿ. ಉತ್ತರ ಕೊಡದೆ ಇರೋಕಾಗುತ್ತಾ?"

"ನಿಯಮದಲ್ಲಿ ಅದಿಲ್ಲ."

ಪರದೆ ಕಪ್ಪಾಯಿತು. ಯಾವ ಊರಲ್ಲಿ ಕೂತವಳೋ, ಯಾವ ತಾಯಿ ಹೆತ್ತವಳೋ ಇವಳು!

ಈಗ ಅದನ್ನೇ ಎಲ್ಲರೆದುರು ಹೇಳಿದರೆ ನಗು.

"ಹಾಜಿ ಹತ್ರ ಉತ್ತರ ಕೇಳಿದ್ಯೇನೋ? ಅವರಿಗೆ ಪ್ರಶ್ನೆ ಓದಿ ಹೇಳಿದ್ಯಾರು, ಅವರ ಕೋಲಾ?" ಎಂದ ವೆಲ್ಡಿಂಗಿನ ಸುಲ್ಬಿ.

ಗಸ್ಸಾನ್ ನಗಲಿಲ್ಲ. ಕಾಗದ, ಪೆನ್ನು ಮುಂದಕ್ಕೆ ತಳ್ಳಿದ.

"ತಮಾಷೆ ಸಾಕು. ಆ ಹಾಜಿ ಹೊರಗಿಂದ ಉತ್ತರ ಹೇಳಿಕೊಟ್ರು, ತಪ್ಪಾಯ್ತು ಅಂತ ಬರೆದು ಸಹಿ ಹಾಕು. ಒಪ್ಪಿಕೊಂಡ್ರೆ ಶಿಕ್ಷೆ ಮೂರು ತಿಂಗಳಿಗೆ ಇಳಿಸ್ತಾರೆ. ಅಲ್ಲೀವರೆಗೆ ಹೆಡ್ ಮೆಕ್ಯಾನಿಕ್ ಜಾಗ ನಿನಗೇ ಹಿಡಿದಿಟ್ಟಿರ್ತೀನಿ. ಇಲ್ಲಾಂದ್ರೆ ನಾಳೆನೇ ಬೇರೆಯವನು ಬರ್ತಾನೆ."

"ಅವರಿಗೆ ಕಂಪ್ರೆಸರ್ ಅಂದ್ರೇನು ಅಂತಾನೂ ಗೊತ್ತಿಲ್ಲ, ಸಾಹೇಬ್ರೇ."

"ಗೊತ್ತಿಲ್ದಿದ್ರೆ ಒಳ್ಳೇದೇ ಆಯ್ತು, ಅವರಿಗೇನು ನಷ್ಟ? ಬರಿಯೋ!"

ಮುಹನ್ನದ್ ಪೆನ್ನು ಎತ್ತಿದ. ಬೆರಳಿನ ಗ್ರೀಸು ಕಾಗದದ ಮೇಲೆ ಕಪ್ಪಗೆ ಮೂಡಿತು. ಸಲಾಮಿಗೆ ಉತ್ತರ ಕೊಟ್ಟವನು ಕಳ್ಳ, ಸುಳ್ಳು ಬರೆದುಕೊಟ್ಟವನು ಹೆಡ್ ಮೆಕ್ಯಾನಿಕ್! ಪೆನ್ನನ್ನು ಮೇಜಿನ ಮೇಲೆ ಕುಕ್ಕಿ ಎದ್ದ.

"ಎಲ್ಲಿಗೋ? ಬರೀತೀಯೋ ಇಲ್ವೋ, ಒಂದು ಮಾತು ಹೇಳಿ ಹೋಗು!"

ಮುಹನ್ನದ್ ಹಿಂದಿರುಗಿ ನೋಡದೆ ಸುಡುವ ಬಿಸಿಲಿಗೆ ನಡೆದುಹೋದ.