ಭಾವನ ಚಮಚ

ಹಲ್ಲಿನ ಡಾಕ್ಟರ ಕೈಕೆಳಗೆ ನರ್ಸಾಗಿದ್ದ ಅವಳಿಗೆ ಹೇಸಿಗೆ ಎಂದರೇನೆಂದೇ ಗೊತ್ತಿರಲಿಲ್ಲ. ಊರಿನ ಅರ್ಧ ಬಾಯಿಗಳೊಳಗೆ ಬಗ್ಗಿ ನೋಡಿದವಳು. ಹೆಬ್ಬಾವು ಸುರುಳಿ ಸುತ್ತಿ ಮಲಗುವಂಥ ಹಲ್ಲಿನ ತೂತುಗಳನ್ನು ಕಂಡೂ, ಕೈ ತೊಳೆದು ಬಂದು ಗಡದ್ದಾಗಿ ಉಣ್ಣುತ್ತಿದ್ದಳು. ಅಂಥವಳಿಗೆ ಹೇಸಿಗೆಯ ಪಾಠ ಕಲಿಸಿದ್ದು ಭಾವನ ಚಮಚ.

ಅವತ್ತು ಅಕ್ಕನ ಮನೆಯ ಮಹಡಿ ಕೋಣೆ ಕೇಳಲು ಬಂದಿದ್ದಳು. ಈಗಿನ ಬಾಡಿಗೆ ಕೋಣೆ ಎಷ್ಟು ಕಿರಿದೆಂದರೆ, ಆಕಳಿಸಬೇಕಾದರೂ ಕಿಟಕಿ ತೆರೆಯಬೇಕಿತ್ತು.

"ಊಟ ಆದ್ಮೇಲೆ ಅವ್ರೇ ಹೂಂ ಅಂತಾರೆ. ಅಡುಗೆಗೆ ಮಾತ್ರ ಹೆಸರಿಡಬೇಡ ಕಣೇ," ಎಂದು ಅಕ್ಕ ಬಾಗಿಲಲ್ಲೇ ಎಚ್ಚರಿಸಿದ್ದಳು.

ಹಿತ್ತಲಲ್ಲಿ ಭಾವ ಮಾಂಸ ಸುಡುವ ಗ್ರಿಲ್ ಮುಂದೆ ಸೇನಾಪತಿಯಂತೆ ನಿಂತಿದ್ದ. ಸ್ಟೇಕ್ ತುಂಡುಗಳೋ, ಒಂದೊಂದೂ ಚಾಪೆಯಷ್ಟಗಲ. ಕಾದ ಕಂಬಿಗೆ ತಾಗಿದೊಡನೆ ಎದ್ದ ಹೊಗೆಗೆ ಹಕ್ಕಿಗಳೆಲ್ಲ ದಾರಿ ತಪ್ಪಿದವು.

"ನನ್ನ ಕೈಯ ಸ್ಟೇಕ್ ತಿಂದೋರು ಹೋಟೆಲ್ ಕಡೆ ತಲೆ ಹಾಕಿ ಮಲಗಲ್ಲ," ಎಂದ. ಮೂಗಿನ ತುದಿಯ ಬೆವರ ಹನಿ ಮಾಂಸದ ಮೇಲೆ ಬಿದ್ದು ಚುಂಯ್ ಎಂದಿತು.

ಬೆಂಕಿ ಇದೆಯಲ್ಲ, ಸುಟ್ಟು ಹೋಗುತ್ತೆ ಬಿಡು ಎಂದುಕೊಂಡಳು.

ಪಾಪ, ನಂಜಿಕೊಳ್ಳಲು ಮಾಡಿದ್ದ ಸಾಲ್ಸಾಗೆ ಬೆಂಕಿಯ ಕಾವಲಿರಲಿಲ್ಲ. ಆಗತಾನೆ ಹೆಚ್ಚಿದ ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಎಲ್ಲವೂ ಹಸಿ. ಭಾವ ಚಮಚ ತುಂಬಿ ಬಾಯಿಗಿಟ್ಟ. ಅದರ ಹಿಂದೆ ಮುಂದೆ ನೆಕ್ಕಿದ. "ನಿಂಬೆ ಸಾಲ್ದು," ಎಂದು ಅದೇ ಚಮಚವನ್ನು ಬಟ್ಟಲಿಗೆ ಅದ್ದಿ ಗರಗರ ತಿರುವಿದ. ಮತ್ತೆ ನೆಕ್ಕಿದ. ಮತ್ತೆ ಅದ್ದಿದ. ತೆರೆದ ಬಾಯಲ್ಲಿ ಎಡಗಡೆಯ ಹುಳುಕು ಹಲ್ಲು ಅವಳಿಗೆ ಸ್ಪಷ್ಟವಾಗಿ ಕಂಡಿತು. ಟೊಮೆಟೊ ರಸ ಯಾವುದು, ಎಂಜಲು ಯಾವುದು ಎಂದು ಬೇರೆ ಮಾಡಲು ಇನ್ನು ದೇವರೇ ಇಳಿದು ಬರಬೇಕಿತ್ತು.

ಊಟಕ್ಕೆ ಕೂತಾಗ ಅದೇ ಚಮಚ ಅವಳ ತಟ್ಟೆಯತ್ತ ಬಂತು. "ನಾದಿನಿಗೆ ಸ್ವಲ್ಪ ಜಾಸ್ತಿನೇ ಇರಲಿ."

ತಟ್ಟೆಗೆ ಕೈ ಅಡ್ಡ ಹಿಡಿದಳು. "ಟೊಮೆಟೊ ನಂಗೆ ಆಗಿಬರಲ್ಲ ಭಾವ."

"ಯಾವಾಗಿಂದ?"

"ಈಗಿಂದ."

ಭಾವನ ಹುಬ್ಬು ಗಂಟಿಕ್ಕಿತು. ಮಹಡಿ ಕೋಣೆ ಗಾಳಿಪಟದಂತೆ ಕೈತಪ್ಪಿ ಹಾರುವುದು ಅವಳಿಗೆ ಕಣ್ಣೆದುರೇ ಕಂಡಿತು.

"ರೀ, ಗ್ರಿಲ್ ಮೇಲಿರೋ ತುಂಡು ಸೀದು ಹೋಗ್ತಿದೆ," ಎಂದು ಅಕ್ಕ ಅವನನ್ನು ಹಿತ್ತಲಿಗೆ ಅಟ್ಟಿದಳು. ಫ್ರಿಜ್ಜಿನ ಮೂಲೆಯಿಂದ ಪುಟ್ಟ ಬಟ್ಟಲೊಂದನ್ನು ತೆಗೆದಳು. "ಅವ್ರು ಚಮಚ ಹಾಕೋ ಮುಂಚೆನೇ ಎತ್ತಿಟ್ಟಿದ್ದು. ಮದುವೆ ಆದಾಗಿಂದ ನಾನು ತಿನ್ನೋದು ಇದನ್ನೇ."

ತಂಗಿಗೆ ಅಳುವೇ ಬಂತು. ಅಕ್ಕ ಎಂದರೆ ಹೀಗಿರಬೇಕು.

ಅಕ್ಕ ತೋರುಬೆರಳನ್ನು ಬಟ್ಟಲಿಗದ್ದಿ ಚೀಪಿದಳು. ಅದೇ ಬೆರಳನ್ನು ಮತ್ತೆ ಅದ್ದಿ ಕಲಸಿದಳು. "ಖಾರ ಹದವಾಗಿದೆ, ಹಾಕ್ಕೋ."

ತಂಗಿ ಬಟ್ಟಲನ್ನು ಮೆಲ್ಲಗೆ ಆಚೆ ತಳ್ಳಿ, ಒಣ ಸ್ಟೇಕನ್ನೇ ಹಲ್ಲು ಕಚ್ಚಿ ಅಗಿದು ನುಂಗಿದಳು.

ಭಾವ ಮರಳಿದಾಗ ಅವಳ ತಟ್ಟೆ ಖಾಲಿ. ಅವನ ಎದೆ ಬಾಗಿಲಷ್ಟಗಲ ಉಬ್ಬಿತು. "ಸಾಲ್ಸಾ ಇಲ್ದೇನೇ ಅಷ್ಟೂ ತಿಂದ್ಯಲ್ಲ. ಇದು ಕಣಮ್ಮ ನನ್ನ ಕೈಗುಣ. ಕೋಣೆಗೆ ಯಾವಾಗ ಬರ್ತೀಯ?"

"ನಾಳೆನೇ ಬರ್ತೀನಿ ಭಾವ," ಎಂದಳು ನಾದಿನಿ. "ಮೇಲೆ ಒಂದು ಒಲೆ ಇಡೋಕೆ ಜಾಗ ಇದೆ ತಾನೇ?"