ಹನ್ನೆರಡು ಹೂವಿನ ಗಾಜು

ತಂಗಿಯ ಅಡುಗೆಮನೆಗೆ ಎಂಟು ಗಾಜು ಕೂರಿಸಿದ ಹೊಸ ಬಾಗಿಲು ಬಂದ ದಿನದಿಂದ ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬಾಗಿಲಿಗಾಗಿ ಅಲ್ಲ, ಅದು ಹಾಳಾಗಿ ಹೋಗಲಿ! ಅಮ್ಮನಿಗಾಗಿ. ತಿಂಗಳು ಇಲ್ಲಿ, ತಿಂಗಳು ಅಲ್ಲಿ ಎಂದು ಇರುತ್ತಿದ್ದ ಅಮ್ಮ ಮೂರು ತಿಂಗಳಾದರೂ ತಂಗಿಯ ಮನೆಯಿಂದ ಅಲ್ಲಾಡಿರಲಿಲ್ಲ. ಆ ಬಾಗಿಲೆದುರು ಕುರ್ಚಿ ಹಾಕಿಕೊಂಡು ಕೂತರೆ ಮುಖವೆಲ್ಲ ನಗು.

“ಕಿವಿ ಕೇಳದ ಮುದುಕಿಗೂ ಷೋಕಿ ಬೇಕಾಯ್ತಲ್ಲ!” ಎಂದು ಅಕ್ಕ ಹೊಲಿಗೆ ಮಿಷನ್ ತುಳಿಯುತ್ತ ಹಲ್ಲು ಕಡಿದಳು. ಚಿಕ್ಕಂದಿನಿಂದಲೂ ಇದೇ ಹಣೆಬರಹ. ಬುದ್ಧಿಮಾತು ದೊಡ್ಡವಳಿಗೆ, ಮುದ್ದು ಚಿಕ್ಕವಳಿಗೆ.

ಮಾರನೆಯ ದಿನವೇ ಬಡಗಿಯನ್ನು ಕರೆಸಿ ತನ್ನ ಹೊಲಿಗೆ ಕೋಣೆಯ ಹಲಗೆ ಬಾಗಿಲು ತೋರಿಸಿದಳು. “ಇದನ್ನ ಕಿತ್ತು ಗಾಜಿಂದು ಮಾಡಿ. ಎಂಟಲ್ಲ, ಹನ್ನೆರಡು ಗಾಜು. ಅಳತೆ ಕೊಡೋಕೆ ಹೆಂಗಸರು ಬರ್ತಾರೆ, ಎಲ್ಲಾ ಹೂವಿರೋ ಮಬ್ಬು ಗಾಜೇ ಇರ್ಲಿ.”

“ಒಂದು ಸಾಲಾದ್ರೂ ತಿಳಿ ಗಾಜು ಹಾಕೋಣ ಅಮ್ಮಾವ್ರೇ. ಆಚೆ ಯಾರಿದ್ದಾರೆ ಅಂತ ಕಾಣುತ್ತೆ.”

“ತಿಳಿ ಗಾಜು ತಂಗಿ ಮನೇಲಿದೆ. ನಂಗೆ ಬೇಡ.”

ಹೊಸ ಬಾಗಿಲು ಕೂತ ಮೇಲೆ ಅಮ್ಮ ಬಂದಳು. ಗಾಜಿನ ಹೂವು ಸವರಿ, “ಚೆನ್ನಾಗಿದೆ ಕಣೇ” ಎಂದಳು. ಅಕ್ಕ ಉಬ್ಬಿಹೋದಳು. ಮೂರನೆಯ ದಿನ ನೋಡಿದರೆ ಅಮ್ಮನ ಚೀಲ ಸಿದ್ಧವಾಗಿತ್ತು!

“ಯಾಕಮ್ಮಾ? ಅವಳ ಬಾಗಿಲೇ ಚೆಂದಾನಾ?” ಎಂದು ಕಿವಿಯ ಹತ್ತಿರ ಕೂಗಿದಳು.

“ಬಾಗ್ಲು ಯಾರಿಗೆ ಬೇಕೇ? ಅಲ್ಲಿ ಅವಳ ಬಾಯಿ ಕಾಣುತ್ತೆ. ಪಾತ್ರೆ ತೊಳೀತಾ ಏನೇನೋ ಹೇಳ್ತಾಳೆ, ತುಟಿ ನೋಡಿ ತಿಳ್ಕೋತೀನಿ. ಇಲ್ಲಿ ನೀನು ದಿನವಿಡೀ ಒಳಗೆ. ಕರೆದ್ಯೋ ಇಲ್ವೋ, ನಂಗೆ ಹೇಗೆ ಗೊತ್ತಾಗ್ಬೇಕು?”

ಅಕ್ಕ ಕೋಣೆಗೆ ನುಗ್ಗಿ ದಢಾರನೆ ಬಾಗಿಲು ಹಾಕಿಕೊಂಡಳು. “ಹೋಗು! ಅವಳ ಹತ್ರಾನೇ ಬಿದ್ದಿರು!” ಎಂದು ಕಿರುಚಿದಳು. ಮರುಗಳಿಗೆಯೇ ಗಾಜಿಗೆ ಮುಖ ಒತ್ತಿದಳು. “ಹೋಗ್ಬೇಡಮ್ಮಾ.” ಹೂವುಗಳಾಚೆ ಮಸುಕು ಮಸುಕಾಗಿ ನೀಲಿ ಸೀರೆ ಬಗ್ಗಿತು, ಚೀಲ ಎತ್ತಿಕೊಂಡಿತು, ದೂರ ಸರಿಯಿತು. ಬೈದದ್ದೂ ಕೇಳಿಸಿರಲಿಲ್ಲ, ಬೇಡಿದ್ದೂ ಕೇಳಿಸಿರಲಿಲ್ಲ.

ಅಕ್ಕ ಬಾಗಿಲು ತೆಗೆದು ಓಡಿದಳು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅಮ್ಮನ ತೋಳು ಹಿಡಿದುಕೊಂಡಳು. ಅಮ್ಮ ಅವಳ ಮುಖ ನೋಡಿದಳು. “ಏನೇ? ಏನಾದ್ರೂ ಅಂದ್ಯಾ?”

ಎರಡು ಮಾತು ಅಂದಿದ್ದಳು. ಅಕ್ಕ ಎರಡನೆಯದನ್ನಷ್ಟೇ ಮತ್ತೆ ಹೇಳಿದಳು, ನಿಧಾನವಾಗಿ, ತುಟಿ ಕಾಣುವ ಹಾಗೆ.