ಐವತ್ತರ ಮೇಲಿನ ಮೂರು ಪೌಂಡು

ವರ್ನನ್ ಪಂದ್ಯದ ಕಪ್ಪನ್ನು ಕಾರಿನಿಂದ ತಂದು ಗಾಳಗಾರರ ಕ್ಲಬ್ಬಿನ ಮೇಜಿನ ಮೇಲೆ ಕುಕ್ಕಿದ. ಅದರೊಳಗಿಂದ ಎರಡು ಸತ್ತ ಬ್ಯಾಟರಿ, ಒಂದು ಕೋಟಿನ ಗುಂಡಿ, ನಾಲ್ಕಾರು ರಬ್ಬರ್ ಬ್ಯಾಂಡ್ ಹೊರಗೆ ಉರುಳಿದವು.

ನೆವಿಲ್‌ಗೆ ಮೈಯೆಲ್ಲ ಉರಿಯಿತು. ಕಪ್ಪಿನ ಮೇಲೆ ಕೆತ್ತಿದ್ದು ಅವನ ಹೆಂಡತಿಯ ಹೆಸರು. ಮೇವಿಸ್ ಮೂವತ್ತು ವರ್ಷ ಈ ಕೆರೆಯ ದಂಡೆಯಲ್ಲಿ ತಕ್ಕಡಿ ಹಿಡಿದು ಎಲ್ಲರ ಮೀನು ತೂಗಿದವಳು. ಅವಳು ತೀರಿಹೋದ ಮೇಲೆ ಕ್ಲಬ್ಬಿನವರು ಅವಳ ಹೆಸರಲ್ಲಿ ವರ್ಷಕ್ಕೊಂದು ಪಂದ್ಯ ಇಟ್ಟರು. ನಾಲ್ಕು ಪಂದ್ಯ ಆಗಿದ್ದವು, ನಾಲ್ಕನ್ನೂ ಗೆದ್ದವನು ವರ್ನನ್. ನೆವಿಲ್‌ಗೆ ಬೇಕಾಗಿದ್ದು ಇಷ್ಟೇ: ಒಂದೇ ಒಂದು ವರ್ಷ ಆ ಕಪ್ ತನ್ನ ಅಡುಗೆಮನೆಯ ಕಿಟಕಿಯಲ್ಲಿ ಕೂರಬೇಕು. ಮುಂದಿನ ವರ್ಷಕ್ಕೆ ಕಾಯೋಣ ಎಂದರೆ ಅವನ ಕೈ ಅದಕ್ಕೆ ಬಿಡುವಂತಿರಲಿಲ್ಲ. ಬಲಗೈಯ ನಡುಕಕ್ಕೆ ಡಾಕ್ಟರು ಒಂದು ಹೆಸರು ಕೊಟ್ಟಿದ್ದರು. ಹದಿಮೂರು ಮೀಟರಿನ ಗಾಳದ ಕೋಲು ಹಿಡಿಯುವುದು ಇದೇ ಕಡೇ ಬೇಸಿಗೆ ಎಂದು ಅವನಿಗೆ ಗೊತ್ತಿತ್ತು.

"ಏನಯ್ಯಾ ಇದು, ನಿಮ್ಮನೆ ಕಸದ ಡಬ್ಬೀನಾ?" ಎಂದು ನೆವಿಲ್ ಅಂಗಿಯ ತೋಳಿನಿಂದಲೇ ಕಪ್ಪನ್ನು ಒರೆಸಿದ.

"ನಮ್ಮನೆಯವಳು ಶೀಲಾ ಹಾಕಿದ್ದು ಮಾರಾಯ. ಖಾಲಿ ಕಪ್ ಕಂಡ್ರೆ ಆಗಲ್ಲ ಅವಳಿಗೆ," ಎಂದು ವರ್ನನ್ ನಕ್ಕು, ಬೇಕನ್ ಬನ್ನಿಗೆ ಬಾಯಿ ಹಾಕಿದ.

ಈ ವರ್ಷದ ಪಂದ್ಯಕ್ಕೆ ಚೀಟಿಗಳ ಚೀಲಕ್ಕೆ ಕೈ ಹಾಕಿ ಜಾಗದ ನಂಬರ್ ಎತ್ತಿದಾಗ ನೆವಿಲ್‌ಗೆ ಬಂದದ್ದು ಹದಿನಾಲ್ಕು, ನಡುಗಡ್ಡೆಯ ಎದುರಿನದು. ಇಡೀ ಡಾನ್‌ಕಾಸ್ಟರ್ ಸೀಮೆಯಲ್ಲಿ ಆ ಜಾಗಕ್ಕೆ ಬಾಯಿ ಬಿಡದ ಗಾಳಗಾರನಿಲ್ಲ. ಪಕ್ಕದ ಹದಿನೈದು ವರ್ನನ್‌ಗೇ ಬರಬೇಕೆ! ಹಣೆಬರಹ ಅನ್ನುವುದು ಹೀಗೇ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಚಿವುಟುತ್ತದೆ.

ಹತ್ತಕ್ಕೆ ಹಾರ್ನ್ ಕೂಗಿತು. ಮೀನೇನೋ ಕೆರೆಗೆ ತಂದು ಬಿಟ್ಟ ಮೀನೇ, ಹೊಟ್ಟೆಬಾಕ ಗೆಂಡೆಗಳು. ಆದರೂ ಅವುಗಳಿಗೆ ನಿನ್ನೆ ರುಚಿಸಿದ್ದು ಇವತ್ತು ರುಚಿಸುವುದಿಲ್ಲ. ನೆವಿಲ್ ಗಾಳಕ್ಕೆ ಹುಳದ ಬದಲು ಜೋಳದ ಕಾಳು ಸಿಕ್ಕಿಸಿದ, ದಾರದ ತೇಲುಬೆಂಡನ್ನು ಜೊಂಡಿನ ಬುಡಕ್ಕೇ ಇಟ್ಟ. ಅಲ್ಲಿಂದ ಕೈಗೆ ಬಿಡುವಿಲ್ಲ. ಹಿಡಿದ ಮೀನು ಜೀವಂತ ಇಡಲು ನೀರಿಗೆ ಇಳಿಬಿಟ್ಟಿದ್ದ ಮೊದಲ ಬಲೆಚೀಲ ತುಂಬಿತು, ಎರಡನೆಯದು ತುಂಬುತ್ತ ಬಂತು.

ಒಂದು ಬಲೆಚೀಲಕ್ಕೆ ಐವತ್ತು ಪೌಂಡು ತೂಕದ ಮಿತಿ, ಅದಕ್ಕಿಂತ ಹೆಚ್ಚಾದದ್ದು ಲೆಕ್ಕಕ್ಕಿಲ್ಲ. ಆ ನಿಯಮ ತಂದವಳೇ ಮೇವಿಸ್. ಒಂದು ಬಿರುಬೇಸಿಗೆಯಲ್ಲಿ ಕಿಕ್ಕಿರಿದ ಬಲೆಯಲ್ಲಿ ಉಸಿರುಕಟ್ಟಿ ಸತ್ತ ಮೀನುಗಳನ್ನು ನೋಡಿ ಅತ್ತು, ಸಭೆಯಲ್ಲಿ ಗಂಡಸರ ಜತೆ ಜಗಳವಾಡಿ ತಂದದ್ದು. ಅದಕ್ಕೇ ಗಾಳಗಾರರು ಮೀನು ಹಿಡಿದಾಗಲೆಲ್ಲ ತೂಕ ಅಂದಾಜಿಸಿ, ಪೌಂಡಿಗೊಂದರಂತೆ ಕೊರಳಲ್ಲಿ ತೂಗುವ ಎಣಿಕೆಯ ಕ್ಲಿಕ್ಕರ್ ಒತ್ತುವುದು. ನೆವಿಲ್‌ನ ಕ್ಲಿಕ್ಕರ್ ಎರಡನೆಯ ಬಲೆಗೆ ನಲವತ್ತಾರು ತೋರಿಸುತ್ತಿತ್ತು. ಇನ್ನು ಮೂರನೆಯ ಬಲೆ, ಎಂದುಕೊಂಡ.

ಅಷ್ಟರಲ್ಲಿ ಬೆಂಡು ಸರ್ರನೆ ಮುಳುಗಿತು. ದೊಡ್ಡದು! ಕೈ ನಡುಗಿತು, ಕೋಲೂ ನಡುಗಿತು. ಕೋಲನ್ನು ತೊಡೆಗೆ ಒತ್ತಿಕೊಂಡು ಐದು ನಿಮಿಷ ಒದ್ದಾಡಿ, ಏಳು ಪೌಂಡಿನ ಗೆಂಡೆಯನ್ನು ಕೈಬಲೆಗೆ ಎಳೆದುಕೊಂಡ.

"ಭೇಷ್ ಕಣೋ ಮುದುಕಾ!" ಎಂದು ಪಕ್ಕದಿಂದ ವರ್ನನ್ ಕೂಗಿದ. "ಮೇವಿಸ್ ನೋಡಿದ್ರೆ ಕುಣಿದುಬಿಡ್ತಿದ್ಳು!"

ನೆವಿಲ್‌ನ ಕಣ್ಣು ತುಂಬಿ ಬಂತು. ಮಂಜಾದ ಕಣ್ಣಲ್ಲೇ ಮೀನನ್ನು ಕೈರೂಢಿಯಲ್ಲಿ ಎರಡನೆಯ ಬಲೆಗೇ ಜಾರಿಸಿದ. ಕ್ಲಿಕ್ಕರ್ ಒತ್ತಲಿಲ್ಲ. ಮೂರನೆಯ ಬಲೆ ಅಲ್ಲೇ ಪಕ್ಕದಲ್ಲಿ ಒಣಗಿ ಬಿದ್ದಿತ್ತು.

ನಾಲ್ಕಕ್ಕೆ ಮತ್ತೆ ಹಾರ್ನ್. ಈಗ ತಕ್ಕಡಿ ಕ್ಲಬ್ಬಿನ ಕಾರ್ಯದರ್ಶಿ ಗ್ಲೆಂಡಾಳ ಕೈಯಲ್ಲಿ. ಉಳಿದವರದೆಲ್ಲ ನೂರರ ಒಳಗೇ ಮುಗಿದಿತ್ತು. ಇವರಿಬ್ಬರಲ್ಲಿ ಮೊದಲು ವರ್ನನ್‌ದು ತೂಗಿದರು: ಒಟ್ಟು ನೂರಾ ಇಪ್ಪತ್ತು. ನೆವಿಲ್‌ನ ಮೊದಲ ಬಲೆ ನಲವತ್ತೆಂಟು, ಆಮೇಲೆ ಶುರುಮಾಡಿದ ಮೂರನೆಯದು ಇಪ್ಪತ್ತೊಂದು. ಎರಡನೆಯದನ್ನು ತಕ್ಕಡಿಯ ಕೊಕ್ಕೆಗೆ ಹಾಕಿದಾಗ ಮುಳ್ಳು ಐವತ್ತು ದಾಟಿ ಐವತ್ತಮೂರಕ್ಕೆ ಹೋಗಿ ನಿಂತಿತು. ಪೂರ್ತಿ ಬರೆದರೆ ನೂರಾ ಇಪ್ಪತ್ತೆರಡು, ಕಪ್ ನೆವಿಲ್‌ದು. ಐವತ್ತು ಬರೆದರೆ ನೂರಾ ಹತ್ತೊಂಬತ್ತು.

ಗ್ಲೆಂಡಾ ಪೆನ್ಸಿಲ್ ಕಚ್ಚಿಕೊಂಡು ಅತ್ತ ಇತ್ತ ನೋಡಿದಳು. ದಂಡೆಯ ಆ ಭಾಗದಲ್ಲಿ ಇದ್ದದ್ದು ಅವರು ಮೂವರೇ. "ಮೂರು ಪೌಂಡ್ ತಾನೇ," ಎಂದಳು ಮೆಲ್ಲಗೆ. "ನಾನೇನೂ ನೋಡ್ಲಿಲ್ಲ. ವರ್ನನ್, ನೀವೇನಂತೀರಿ?"

ವರ್ನನ್ ಸಿಗರೇಟು ಹಚ್ಚಿದ, ನಡುಗಡ್ಡೆಯ ಬಾತುಕೋಳಿಗಳನ್ನು ನೋಡಿದ. 'ಪೂರ್ತಿ ಬರಕೋ' ಅನ್ನುವ ಒಂದು ಮಾತು ಸಾಕಿತ್ತು. ನಲವತ್ತು ವರ್ಷದ ಸ್ನೇಹ ಬೇರೆ.

"ರೂಲ್ಸ್ ಅಂದ್ರೆ ರೂಲ್ಸ್ ಅಲ್ವಾ," ಎಂದ ಕೊನೆಗೆ. "ಮೇವಿಸ್ ಇದ್ದಿದ್ರೂ ಐವತ್ತೇ ಬರೀತಿದ್ಳು."

ನೆವಿಲ್ ತಕ್ಕಡಿಯ ಮುಳ್ಳನ್ನು ಇನ್ನೊಮ್ಮೆ ನೋಡಿದ. ಮಾತು ನಿಜ. ಗಂಡ ಅಂತ ಅವಳು ಒಂದು ಔನ್ಸೂ ಬಿಟ್ಟವಳಲ್ಲ.

"ಐವತ್ತು ಬರಿಯಮ್ಮ," ಎಂದ.

ಮೀನುಗಳನ್ನು ನೀರಿಗೆ ಬಿಟ್ಟರು. ಆ ಏಳು ಪೌಂಡಿನದು ಒಮ್ಮೆ ಬಾಲ ಬಡಿದು ಹೋಯಿತು.

ಚಪ್ಪಾಳೆ, ಫೋಟೋ, ಬಿಯರ್ ಎಲ್ಲ ಮುಗಿದ ಮೇಲೆ ಕಾರುಗಳ ಹತ್ತಿರ ವರ್ನನ್ ಕಪ್ ಹಿಡಿದು ಬಂದ.

"ತಗೊಳೋ ಬೇಕಾದ್ರೆ. ಒಂದ್ ವರ್ಷ ನಿಮ್ಮನೇಲೇ ಇರ್ಲಿ. ಶೀಲಾಗೂ ಧೂಳು ಒರೆಸೋ ಕೆಲಸ ತಪ್ಪುತ್ತೆ."

ಬೆಳಗ್ಗೆ ಒರೆಸಿದ ಜಾಗದಲ್ಲಿ ಮೇವಿಸಳ ಹೆಸರು ಇನ್ನೂ ಹೊಳೆಯುತ್ತಿತ್ತು. ನೆವಿಲ್‌ನ ಕೈ ಅರ್ಧ ಮುಂದೆ ಹೋಗಿತ್ತು. ಆದರೆ ಕಪ್ಪಿನೊಳಗೆ ವರ್ನನ್‌ನ ಕಾರಿನ ಕೀ, ಸಿಗರೇಟು ಪ್ಯಾಕು, ಅರ್ಧ ತಿಂದ ಪೇಸ್ಟ್ರಿಯ ಕಾಗದ ಕಂಡವು. ಕೈ ಹಿಂದೆ ತೆಗೆದು ಜೇಬಿಗೆ ಹಾಕಿಕೊಂಡ.

"ಗೆದ್ದೋನು ನೀನು. ನೀನೇ ಇಟ್ಕೋ," ಎಂದ. "ಅಂದಹಾಗೆ, ಬ್ಯಾಟರಿ ಗುಂಡಿ ಎಲ್ಲ ಮೇಜಿನ ಮೇಲೇ ಬಿಟ್ಟಿದೀಯ. ಮರೀದೆ ತಗೊಂಡ್ ಹೋಗು, ಶೀಲಾ ಕೇಳ್ತಾಳೆ."